ಕೆಂಪು ದಾರ

ನಮ್ಮ ಚಿಕ್ಕಮ್ಮ ಟೈಲರ್ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಮಡಿಸಿ ಕೈಯಲ್ಲಿ ಹೊಲಿಯುವವಳು. ಪಕ್ಕದಲ್ಲಿ ಕೂತು ಗುಂಡಿ ಹಾಕುವವಳು ನಾನು. ಹೊರಗಿನಿಂದ ದಾರ ಕಂಡರೆ ಅವಳ ಕೆಲಸ ಕೆಟ್ಟಂತೆ. ಕಾಣದ ಹೊಲಿಗೆ ಹಾಕಿ ಹಾಕಿ ಅವಳ ಕಣ್ಣೇ ಮಂಜಾಯಿತು.

"ಜನ್ಮವೆಲ್ಲ ಹೊಲಿದದ್ದನ್ನ ಒಬ್ಬರಾದ್ರೂ ನೋಡಿದ್ದಾರೇನೇ?" ಅಂತ ಒಂದು ದಿನ ನನ್ನ ಮೇಲೆ ರೇಗಿದಳು.

ಅವತ್ತು ಬೇಕಂತಲೇ ಒಂದು ಕಪ್ಪು ಪ್ಯಾಂಟಿಗೆ ಕೆಂಪು ದಾರದಲ್ಲಿ ಎದ್ದು ಕಾಣುವ ಹೊಲಿಗೆ ಹಾಕಿದಳು. ಅಂಗಡಿ ಯಜಮಾನ ನೋಡದೆ ಕಟ್ಟಿಕೊಟ್ಟ. ಗಿರಾಕಿ ಬಂದು ಜಗಳವಾಡಲಿ ಅಂತ ಅವಳು ಕಾದಳು.

ಗಿರಾಕಿ ಅದೇ ಪ್ಯಾಂಟ್ ಹಾಕಿಕೊಂಡೇ ಬಂದ. ಇನ್ನೊಂದನ್ನು ಮೇಜಿನ ಮೇಲಿಟ್ಟು, "ಹೋದ್ಸಲದ ಹಾಗೇ ಮಾಡಿ, ಹೊಲಿಗೆ ಕಾಣಿಸಬಾರದು" ಅಂದ.

ಚಿಕ್ಕಮ್ಮ ಸೂಜಿಯನ್ನು ನನ್ನ ಕೈಗಿಟ್ಟಳು. "ಕಪ್ಪು ದಾರ ಪೋಣಿಸಿಕೊಡೇ" ಅಂದಳು.