ಕ್ಷಮಿಸಿ ಆಯ್ತಲ್ಲ!

ನನ್ನ ಅಕ್ಕ ಎಲ್ಮಿನಾ ಹುಟ್ಟಾ ಜಗಳಗಂಟಿಯಲ್ಲ. ಸುತ್ತಲಿನ ಜನ ಅವಳನ್ನು ಹಾಗೆ ಮಾಡಿದರು. ನಾವು ಅಮೆರಿಕದ ಹಳ್ಳಿಗಾಡಿನ ಮೆನೊನೈಟ್ ಪಂಥದ ಕ್ರೈಸ್ತರು, ಕಾರು ಓಡಿಸುತ್ತೇವೆ. ನಮಗಿಂತ ಕಟ್ಟುನಿಟ್ಟಿನ, ಕಾರು ಇಟ್ಟುಕೊಳ್ಳದೆ ಕುದುರೆಗಾಡಿಯಲ್ಲೇ ಓಡಾಡುವ ಆಮಿಶ್ ಪಂಥದ ನೆರೆಹೊರೆಯವರನ್ನು ಆಸ್ಪತ್ರೆಗೋ ಹರಾಜಿಗೋ ಕರೆದೊಯ್ಯುವುದು ಅವಳ ಕಸುಬು. ಹಿಂದೆ ಕೂತ ಹುಡುಗಿಯರು ಅವಳ ಬೆನ್ನು ನೋಡುತ್ತ ಯಾರಿಗೂ ಹೇಳದ್ದನ್ನು ಹೇಳುತ್ತಿದ್ದರು. ಕೇಳಿಸಿಕೊಂಡವಳಿಗೆ ಸುಮ್ಮನಿರಲು ಆಗಲಿಲ್ಲ.

ಆಮಿಶ್ ಹುಡುಗಿ ರೋಡಾ ಸಿಕ್ಕಿದ್ದೂ ಹಾಗೆಯೇ. ಚಿಕ್ಕಂದಿನಿಂದ ಅವಳ ಮೈಮೇಲೆ ಕೈಹಾಕುತ್ತ ಬಂದವನು ಮನೆಯಲ್ಲೇ ಇದ್ದ ಚಿಕ್ಕಪ್ಪ ಆಮನ್. ವಿಷಯ ಹೊರಬಿದ್ದಾಗ ಅವನು ಚರ್ಚಿನ ಸಭೆಯ ಮುಂದೆ ಮಂಡಿಯೂರಿ ತಪ್ಪೊಪ್ಪಿಕೊಂಡ. ಆರು ವಾರ ಬಹಿಷ್ಕಾರ, ಆಮೇಲೆ ಬಿಷಪ್ಪರು ಕೈಹಿಡಿದು ಎಬ್ಬಿಸಿದರು, ಮುಗಿಯಿತು! ಕ್ಷಮಿಸಿದ ಪಾಪವನ್ನು ಮತ್ತೆ ಎತ್ತಿದವರೇ ಅವರಲ್ಲಿ ಪಾಪಿಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಮನ್ ಅದೇ ಮನೆಗೆ ಮರಳಿದ. ಅಲ್ಲಿ ರೋಡಾಳ ಪುಟ್ಟ ತಂಗಿ ಸೂಸಿ ಇದ್ದಳು. ಅದಕ್ಕೇ ರೋಡಾ ನನ್ನಕ್ಕನ ಜೊತೆ ಪೊಲೀಸರ ಬಳಿ ಹೋದದ್ದು, ಆಮೇಲೆ ಅಕ್ಕನ ಮನೆಯಲ್ಲೇ ಉಳಿದದ್ದು.

ಮರುದಿನವೇ ಬಿಷಪ್ಪರು ಅಕ್ಕನ ಅಡುಗೆಮನೆಯಲ್ಲಿ ಹಾಜರ್.

"ಅವನು ಅತ್ತುಬಿಟ್ಟ ಕಣಮ್ಮ. ಹುಡುಗಿ ಕ್ಷಮಿಸಿಬಿಡ್ಲಿ, ಕೋರ್ಟು ಗೀರ್ಟು ಯಾಕೆ?"

"ಕ್ಷಮಿಸಿ ಆಯ್ತಲ್ಲ ಬಿಷಪ್ಪರೇ! ಈಗ ಸೂಸಿ ಕೋಣೆ ಬಾಗಿಲು ಯಾರು ಕಾಯ್ತಾರೆ? ನೀವ್ ಬರ್ತೀರಾ?"

ಅವರು ಮುಟ್ಟದೆ ಬಿಟ್ಟ ಸೇಬಿನ ಪೈಯನ್ನು ನಾನೇ ಸಿಟ್ಟಿನಲ್ಲಿ ತಿಂದೆ.

ನ್ಯಾಯಾಲಯದಲ್ಲಿ ಆಮನ್‌ನ ಹಿಂದಿನ ಬೆಂಚುಗಳ ತುಂಬ ಕಪ್ಪು ಟೋಪಿಗಳನ್ನು ತೊಡೆಯ ಮೇಲಿಟ್ಟುಕೊಂಡ ಆಮಿಶ್ ಜನ. ಅವರ ನಡುವೆ ರೋಡಾಳ ತಾಯಿ ಲಿಡಿಯಾನ್, ಮಗ್ಗುಲಲ್ಲಿ ಸೂಸಿ. ರೋಡಾಳ ಕಡೆ ನಾನು, ಅಕ್ಕ, ಅಷ್ಟೇ.

"ಮದುವೆಗೆ ಬಂದಂಗೆ ಬಂದವ್ರೆ ನೋಡೇ," ಎಂದು ಅಕ್ಕ ಹಲ್ಲು ಕಡಿದಳು.

ಸಾಕ್ಷಿಕಟ್ಟೆಗೆ ಹೊರಟ ರೋಡಾ ತಾಯಿಯನ್ನು ಎದುರು ಸಾಲಿನಲ್ಲಿ ಕಂಡು ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಇನ್ನು ಮುಗಿಯಿತು ಎಂದುಕೊಂಡೆ. ಆದರೆ ಅವಳು ಸಾಕ್ಷಿಕಟ್ಟೆ ಹತ್ತಿ, ಸೂಸಿಯನ್ನೇ ನೋಡುತ್ತ, ತಡವರಿಸುತ್ತ, ಎಲ್ಲವನ್ನೂ ಹೇಳಿದಳು. ಲಿಡಿಯಾನ್ ತಲೆ ಎತ್ತಲಿಲ್ಲ. ಎದ್ದು ಹೋಗಿ ಅವಳ ಭುಜ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು ನನಗೆ.

ತೀರ್ಪು ಇನ್ನೂ ಬಾಕಿ, ಜಾಮೀನಿನ ಮೇಲಿದ್ದ ಆಮನ್ ಅವತ್ತೂ ಅದೇ ಮನೆಗೆ ಮರಳುವವನಿದ್ದ. ಹೊರಗೆ ನಾವು ಕಾರು ಹತ್ತುವಾಗ ಲಿಡಿಯಾನ್ ಸೂಸಿಯ ಕೈಹಿಡಿದು ದಡದಡ ಬಂದಳು. ಹಿರಿಮಗಳ ಮುಖ ನೋಡಲಿಲ್ಲ. ಬಾಗಿಲು ತೆಗೆದು ಸೂಸಿಯನ್ನು ಒಳಗೆ ತಳ್ಳಿದಳು.

"ಇವಳನ್ನೂ ಕರ್ಕೊಂಡ್ ಹೋಗು, ಎಲ್ಮಿನಾ."

"ನೀನೂ ಹತ್ತೇ, ಪುಣ್ಯಾತ್ಗಿತ್ತಿ!" ಎಂದು ಅಕ್ಕ ಗದರಿದಳು.

"ಹಾಲು ಕರೀಬೇಕು," ಎಂದು ಲಿಡಿಯಾನ್ ಕಪ್ಪು ಟೋಪಿಗಳ ಕಡೆಗೆ ವಾಪಸು ನಡೆದಳು.