ಪರದೆಯೊಡನೆ ಜಗಳವಾಡುತ್ತಿದ್ದ ಗೋದಾಬಾಯಿ

ಆಳಂದದ ಟಾಕೀಸಿನಲ್ಲಿ ಇಂಗ್ಲಿಷ್ ಪಿಕ್ಚರು ನೋಡುವಾಗ ಗೋದಾಬಾಯಿ ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ. ಹೆಂಗಸರ ಬೆಂಚಿನಲ್ಲಿ ಕೂತು, ಪರದೆಯ ಮೇಲಿದ್ದವರಿಗೆ ಕೇಳಲೇಬೇಕು ಎಂಬಂತೆ ಮಾತಾಡುವರು. ನಾಯಕಿ ಕಿರುಚಿದರೆ, "ಒದರಬ್ಯಾಡ ಬೇ, ಬಾಗಲಾ ತಗದದ, ಓಡು!" ಮೋಟಾರುಗಳು ಒಂದಕ್ಕೊಂದು ಬಡಿದು ಹೊತ್ತಿ ಉರಿದರೆ, "ಇದೂ ಸುಟ್ಟಿತು. ಕಥಿ ಯಾವಾಗ ಸುರು ಮಾಡ್ತೀರಿ?" ಹಿಂದಿನವರು "ಸುಮ್ ಕೂಡ್ರಿ ಬಾಯಾರ" ಅಂದರೆ, "ಅವರು ಕಥಿ ಹೇಳಲಿ, ಕೂಡ್ತೇನಿ" ಎಂದು ಉತ್ತರ.

ಅವರು ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಇಂಗ್ಲಿಷ್ ಟೀಚರು. ತಂದೆಗೆ ಹೈದರಾಬಾದಿನಲ್ಲಿ ರೈಲ್ವೆ ನೌಕರಿ. ಅವರ ಕೈಹಿಡಿದು ಬೆಳಗಿನ ಆಟಗಳಿಗೆ ಹೋಗಿ ಹೋಗಿ ಇಂಗ್ಲಿಷ್ ಪಿಕ್ಚರಿನ ಹುಚ್ಚು ಹಿಡಿಸಿಕೊಂಡವರು. ಬೈಯುವಷ್ಟೇ ಪ್ರೀತಿ. "ಆ ಪಿಕ್ಚರ ತಗ್ಯಾವರ ಕಡೆ ಏನ ಕಡಿಮಿ ಅದ? ಇಡೀ ಊರನ್ನ ಕಟ್ಟಿ ಸುಡ್ತಾರ. ಆದ್ರ ಒಬ್ಬ ಹೆಣ್ಮಗಳು ಮನಸಿನ್ಯಾಗ ಏನ ಅನ್ಕೋತಾಳ ಅಂತ ತೋರಸೂ ಧೈರ್ಯ ಇಲ್ಲ. ತೋರಸ್ತಾರ, ಒಂದಿನ ತೋರಸ್ತಾರ. ನಾವು ಕೇಳೂದು ಬಿಡಬಾರದು" ಎಂದು ಪಾಠದ ನಡುವೆಯೇ ಹೇಳುವರು.

ಆಗ ನಮ್ಮೂರಲ್ಲಿ 'ಇಂಗ್ಲಿಷ್ ಪಿಕ್ಚರ್' ಎಂದರೇ ಕೆಟ್ಟ ಮಾತು. ಸಭ್ಯ ಪಿಕ್ಚರಿನ ನಡುವೆಯೂ ಟಾಕೀಸಿನವರು ಎಲ್ಲಿಯದೋ ಹೊಲಸು ತುಂಡೊಂದನ್ನು ಅಂಟಿಸುತ್ತಿದ್ದರು. ಅದಕ್ಕೆಂದೇ ಬರುವ ಗಂಡಸರಿದ್ದರು. ನಾನು ಹತ್ತನೆಯ ಇಯತ್ತೆಯಲ್ಲಿದ್ದಾಗ, ಗೋದಾಬಾಯಿ ಮನೆಯವರನ್ನು ಒಪ್ಪಿಸಿ ನಮ್ಮಲ್ಲಿ ಕೆಲವರನ್ನು ಮಧ್ಯಾಹ್ನದ ಆಟಕ್ಕೆ ಕರೆದೊಯ್ದರು. ಇಂಟರ್ವಲ್ ಆದ ಮೇಲೆ ಕಥೆಗೆ ಸಂಬಂಧವೇ ಇಲ್ಲದ ಅಂಥದೊಂದು ತುಂಡು ಬಂತು. ನಾವು ತಲೆ ತಗ್ಗಿಸಿದೆವು. ಗೋದಾಬಾಯಿ ಎದ್ದು, ಗಂಡಸರ ನಡುವಿನಿಂದ ನಡೆದುಹೋಗಿ, ಪರದೆಯ ಮುಂದಿನ ಕಟ್ಟೆ ಹತ್ತಿ ನಿಂತರು. ಚಿತ್ರವೆಲ್ಲ ಅವರ ಇಳಕಲ್ ಸೀರೆಯ ಮೇಲೆ ಬಿತ್ತು.

"ದೀಪಾ ಹಚ್ರಿ!"

ಸೀಟಿ ಬಿದ್ದವು. "ಇಳಿ ಬೇ ಕೆಳಗ!" ಎಂದು ಯಾವನೋ ಕೂಗಿದ.

"ಇದು ಈ ಪಿಕ್ಚರಿಂದಲ್ಲ. ಖರೇ ಪಿಕ್ಚರ ಸುರು ಆಗೂತನಾ ನಾ ಇಳ್ಯಾಂಗಿಲ್ಲ" ಅಂದರು. ಕಾಲು ಕದಲಲಿಲ್ಲ. ಕೊನೆಗೆ ತುಂಡು ನಿಂತು ದೀಪ ಹತ್ತಿತು.

ಮರುದಿನ ಊರೆಲ್ಲ ಅದೇ ಸುದ್ದಿ. ಹುಡುಗಿಯರನ್ನು ಅಂಥಲ್ಲಿಗೆ ಒಯ್ದಿದ್ದಕ್ಕೆ ಕ್ಷಮೆ ಕೇಳಿ ಎಂದು ಹೆಡ್‌ಮಾಸ್ತರರು ಹೇಳಿದರೆ, "ತುಂಡ ಹಚ್ಚಿದವರು ಕೇಳಲಿ" ಎಂದು ಬಂದರಂತೆ. ಸಂಜೆ ಟಾಕೀಸಿನ ಮಾಲಕ ಖಾಜಾಸಾಬರೇ ಶಾಲೆಯ ಗೇಟಿಗೆ ಬಂದರು. ನಾವು ಅಲ್ಲೇ ನಿಂತಿದ್ದೆವು.

"ಧಂಧಾದಾಗ ಕಲ್ಲ ಹಾಕಿದ್ರಿ ಬಾಯಾರ. ಆ ತುಂಡಿಲ್ಲಂದ್ರ ಇಂಗ್ಲಿಷ್ ಪಿಕ್ಚರಕ್ಕ ಯಾರ ಬರ್ತಾರ?"

"ಹೆಂಗಸರು ಬರ್ತಾರ."

ಖಾಜಾಸಾಬರು ನಕ್ಕರು.

"ಒಂದ ಐತವಾರ ಮುಂಜಾನಿ ನನಗ ಕೊಡ್ರಿ. ಹಾಲ್ ತುಂಬಲಿಲ್ಲಂದ್ರ, ಇನ್ನ ಯಾ ಟಾಕೀಸಿನ ಮೆಟ್ಟಲಾನೂ ಹತ್ತಾಂಗಿಲ್ಲ ನಾ."

ಅವರಿಗೆ ಅದಕ್ಕಿಂತ ದೊಡ್ಡ ಶಪಥ ಇರಲಿಲ್ಲ. ಖಾಜಾಸಾಬರು ಒಪ್ಪಿದರು. ಗೋದಾಬಾಯಿ ಗುಲಬರ್ಗಾಕ್ಕೆ ಹೋಗಿ ಪಿಕ್ಚರನ್ನು ತಾವೇ ಆರಿಸಿ ತರಿಸಿದರು: ಗಂಡ ಸತ್ತ ಮೇಲೆ ಮೈದುನರಿಗೆ ಹೊಲ ಬಿಟ್ಟುಕೊಡದೆ ನಿಂತ ಹೆಂಗಸಿನ ಹಳೆಯ ಕಥೆ. ಆಮೇಲೆ ಹತ್ತಿರದ ಹಳ್ಳಿ ಸರಸಂಬಾದಲ್ಲಿ ಮನೆಮನೆ ತಿರುಗಿದರು. ನಾವೂ ಜೊತೆಗಿದ್ದೆವು. "ಇಂಗ್ಲಿಷ್ ನಮಗೆಲ್ಲಿ ಬರ್ತದ್ರಿ?" ಎಂದವರಿಗೆ, "ಮೈದುನರ ಕಾಟ ಗೊತ್ತದ ಇಲ್ಲ? ಸಾಕು ಬರ್ರಿ" ಅಂದರು.

ಬಂದರು! ಬುತ್ತಿ ಕಟ್ಟಿಕೊಂಡು, ಕೂಸುಗಳನ್ನು ಬಗಲಲ್ಲಿ ಹೊತ್ತು, ಗಂಡಸರ ಬೆಂಚುಗಳನ್ನೂ ತುಂಬಿದರು. ಗೋದಾಬಾಯಿ ಮೈಕು ಹಿಡಿದು ಮಾತುಗಳನ್ನು ಕನ್ನಡದಲ್ಲಿ ಹೇಳುತ್ತ ಹೋದರು. ನಾಯಕಿ ಬಾಗಿಲಿಗೆ ಅಡ್ಡ ನಿಂತು ಮೈದುನನಿಗೆ ಏನೋ ಅಂದಾಗ ಮಾತ್ರ ಮೈಕು ಕೆಳಗಿಟ್ಟರು. ಏನಂದಳೆಂದು ಯಾರೂ ಕೇಳಬೇಕಾಗಲಿಲ್ಲ.

ಆಟ ಮುಗಿದ ಮೇಲೆ ಸರಸಂಬಾದ ನೀಲವ್ವ ಹತ್ತಿರ ಬಂದಳು. "ಪಿಕ್ಚರ ಛಲೋ ಅದರೀ. ಆದ್ರ ದಿನಾ ಹೊಲದಾಗ ದುಡ್ಯಾಕಿ ಲಂಗಾಕ್ಕ ಒಂದ ಚೂರ ಮಣ್ಣ ಹತ್ತಿಲ್ಲ. ತಲಿ ಸೈತ ಕೆದರಿಲ್ಲ."

ಗೋದಾಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹೌದ ನೀಲವ್ವ, ನನ್ನ ಜಗಳಾನೂ ಅದಽ!"

ಆ ತುಂಡುಗಳು ಪೂರ್ತಿ ನಿಂತವು ಎನ್ನಲಾರೆ. ಐತವಾರ ಮುಂಜಾನೆ ಮಾತ್ರ ಟಾಕೀಸು ಹೆಂಗಸರದಾಯಿತು. ಮನೆಮನೆಗೆ ಟಿವಿ ಬರುವವರೆಗೂ ನಡೆಯಿತು.

ಕಡೆಯ ಭೇಟಿ ಜೇವರ್ಗಿಯಲ್ಲಿ. ನಾನಲ್ಲಿ ಕಾಲೇಜಿನಲ್ಲಿ ಕಲಿಸುತ್ತಿದ್ದೆ. ನಿವೃತ್ತರಾಗಿದ್ದ ಅವರು ಎರಡು ದಿನ ಇರಲು ಬಂದಿದ್ದರು. ಹಿಂದಿಗೆ ಡಬ್ ಆದ ಹೊಸ ಇಂಗ್ಲಿಷ್ ಪಿಕ್ಚರಿಗೆ ಹೋದೆವು. ಬರೀ ಸಿಡಿತ, ಬರೀ ಸದ್ದು. ನನಗೆ ತಲೆ ಸಿಡಿಯಿತು. "ಎದ್ದು ಹೋಗೂಣೇನ್ರಿ ಟೀಚರ್?"

"ಅರ್ಧಾಕ್ಕ ಎದ್ದು ಹೋದ್ರ ಬೈಯಾಕ ನನಗೇನ ಹಕ್ಕದ? ಕೂಡು."

ಕೊನೆಯ ಹೊತ್ತಿಗೆ ರಸ್ತೆಬದಿ ನಿಂತಿದ್ದ ಕಾರಿನಲ್ಲಿ ತಾಯಿ ಮಗಳಿಬ್ಬರು ಕೂತು, ಮಾತಿಲ್ಲದೆ, ಒಂದೇ ಬ್ರೆಡ್ಡನ್ನು ಮುರಿದು ತಿನ್ನುವ ದೃಶ್ಯ ಬಂತು. ಸಂಗೀತವೂ ಇರಲಿಲ್ಲ. ಗೋದಾಬಾಯಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು. "ನೋಡಿದಿ? ಬರ್ತದ ಅವರಿಗೆ. ಬರ್ತದ, ಮಾಡಾಂಗಿಲ್ಲ ಅಷ್ಟ."

ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ನನಗೆ ಅವರು ಕಡೆಗೆ ಕಂಡದ್ದು ಆ ಪಿಕ್ಚರು ನೋಡಿದ ಮರುದಿನ ಮುಂಜಾನೆ, ಊರಿಗೆ ಹೊರಟ ಬಸ್ಸಿನ ಕಿಟಕಿಯಲ್ಲಿ. ನಾನು ಕೈಬೀಸಿದ್ದನ್ನು ಅವರು ನೋಡಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಣ್ಣುಮಗಳೊಬ್ಬಳಿಗೆ, ಎರಡೂ ಕೈಯಾಡಿಸುತ್ತ, ಆ ತಾಯಿ ಮಗಳ ಪಿಕ್ಚರನ್ನು ಹೇಗೆ ತೆಗೆಯಬೇಕಿತ್ತು ಎಂದು ಹೇಳುತ್ತಿದ್ದರು.