‘ಹೋಗಿಬರ್ತೀನಿ’ ಎಂದು ಬಂದವಳು

ನಮ್ಮ ಮನೆಯಲ್ಲಿ ಯಾರೂ ‘ಹೋಗ್ತೀನಿ’ ಎಂದು ಹೇಳಿ ಹೊಸ್ತಿಲು ದಾಟಿದವರಲ್ಲ. ಎದುರಿನ ಅಂಗಡಿಯಿಂದ ಅರ್ಧ ಲೀಟರ್ ಹಾಲು ತರಲು ಹೊರಟರೂ ‘ಹೋಗಿಬರ್ತೀನಿ’ ಎನ್ನಬೇಕು. ಬಾಯಿತಪ್ಪಿ ಬರಿಯ ‘ಹೋಗ್ತೀನಿ’ ಎಂದರೆ ಮೈಸೂರಿನ ನಮ್ಮಜ್ಜಿ, ಒಂದು ಭಾನುವಾರವೂ ಚರ್ಚು ತಪ್ಪಿಸದೆ, ಶಕುನಗಿಕುನವೆಲ್ಲ ಸುಳ್ಳೆಂದು ಊರಿಗೆಲ್ಲ ಸಾರುತ್ತಿದ್ದವಳು, ಗೇಟಿನವರೆಗೆ ಹೋದವರನ್ನೂ ವಾಪಸು ಕರೆದು ಮಾತು ತಿದ್ದಿಸಿಯೇ ಕಳಿಸುತ್ತಿದ್ದಳು. ನಿಮ್ಮ ಮನೆಯಲ್ಲೂ ಹೀಗೇ ಇದ್ದೀತು. ಈ ಮಾತನ್ನು ನಾನು ಐರ್ಲೆಂಡಿಗೂ ಹೊತ್ತು ತಂದೆ. ಆಡಮ್ಸ್‌ಟೌನಿನ ಮನೆಯಿಂದ ಆಸ್ಪತ್ರೆಯ ಡ್ಯೂಟಿಗೆ ಹೊರಡುವಾಗಲೆಲ್ಲ ಆಡುತ್ತಲೂ ಬಂದೆ. ಇಲ್ಲಿನವರು ಫೋನಿಡುವ ಮುನ್ನ ‘ಬೈ, ಬೈ, ಬೈಬೈಬೈ’ ಎಂದು ಆರೇಳು ಸಲ ಹೇಳುವುದನ್ನು ಕೇಳಿದಾಗ, ಒಂದೇ ಏಟಿಗೆ ಬಿಟ್ಟು ಹೊರಡಲಾರದ ಇವರೂ ನಮ್ಮವರೇ ಎನಿಸಿ ನಗು ಬರುತ್ತಿತ್ತು.

ಕೋವಿಡ್ ಇನ್ನೂ ದೂರದ ದೇಶದ ಸುದ್ದಿಯಾಗಿದ್ದಾಗ, ನಮ್ಮ ಚರ್ಚಿನ ಪರವಾಗಿ ಮಲಾವಿಯ ಒಂದು ಹಳ್ಳಿಗೆ ಮೂರು ತಿಂಗಳ ಮಟ್ಟಿಗೆ ನರ್ಸಾಗಿ ಹೋದೆ. ಬೆಳಗಾಗುತ್ತಲೇ ಕೈಪಂಪಿನ ಮುಂದೆ ಹೆಂಗಸರ ಸಾಲಿನಲ್ಲಿ ಬಕೆಟ್ ಹಿಡಿದು ನಿಲ್ಲುವುದು, ಇದ್ದಿಲ ಒಲೆಯ ಮೇಲೆ ಉಪ್ಪುನೀರು ಕುದಿಸುವುದು, ಚರ್ಚಿನ ಜಗಲಿಯ ಬೆಂಚಿನಲ್ಲಿ ಕೂತವರ ಗಾಯ ತೊಳೆದು ಕಟ್ಟುವುದು, ಸಂಜೆ ಒಗೆದ ಬ್ಯಾಂಡೇಜುಗಳನ್ನು ಹಗ್ಗದಿಂದ ತೆಗೆದು ಸುತ್ತುವುದು, ಇಷ್ಟೇ ನನ್ನ ದಿನಚರಿ. ಮಧ್ಯಾಹ್ನ ಮುಸುಕಿನ ಜೋಳದ ಬಿಳಿ ಮುದ್ದೆ. ಅದನ್ನು ನಾನು ರಾಗಿಮುದ್ದೆಯಂತೆ ಅಗಿಯದೆ ನುಂಗಿದ ಮೊದಲ ದಿನ ಹೆಂಗಸರೆಲ್ಲ ಊಟ ಬಿಟ್ಟು ನನ್ನ ಗಂಟಲನ್ನೇ ನೋಡಿದರು.

ಅಲ್ಲಿ ಒಬ್ಬ ಮುದುಕಿಯಿದ್ದಳು. ಊರೆಲ್ಲ ಅವಳನ್ನು ಅಗೋಗೋ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೇ ಕರೆದೆ. ಸಕ್ಕರೆ ಕಾಯಿಲೆಯವಳು, ಹಿಮ್ಮಡಿಯಲ್ಲಿ ಮಾಯದ ಹುಣ್ಣು. ನಾನು ನೆಲದ ಮೇಲೆ ಕೂತು ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡ ದಿನದಿಂದ ಆ ಕಾಲು ನನ್ನದೇ ಆಯಿತು. ಅಲ್ಲಿಯ ಆರೋಗ್ಯ ಕಾರ್ಯಕರ್ತೆ ಗ್ರೇಸ್, ನನಗಿಂತ ಕೈಚಳಕವುಳ್ಳವಳು, ಹತ್ತಿರ ಬಂದರೂ ಅಗೋಗೋ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಗ್ರೇಸ್‌ಗೂ ಕಾಲು ಕೊಡು ಎಂದು ಆಗಲೇ ಗದರಿ ಹೇಳಬೇಕಿತ್ತು. ಹೇಳಲಿಲ್ಲ. ಸತ್ಯ ಹೇಳುತ್ತೇನೆ, ಒಳಗೊಳಗೇ ನಾನು ಉಬ್ಬಿಹೋಗಿದ್ದೆ.

ಅಲ್ಲಿ ಹೊರಡುವವರು ‘ಚೆನ್ನಾಗಿ ಇರಿ’ ಎನ್ನುತ್ತಾರೆ, ಉಳಿಯುವವರು ‘ಚೆನ್ನಾಗಿ ಹೋಗಿ’ ಎನ್ನುತ್ತಾರೆ. ಗ್ರೇಸ್ ಕಲಿಸಿದರೂ ನನಗದು ಬಾಯಿಗೆ ಬರಲಿಲ್ಲ, ಏನೋ ಕೊನೆಯ ಮಾತಿನಂತೆ ಕೇಳುತ್ತಿತ್ತು. ಹಾಗಾಗಿ ನಮ್ಮಜ್ಜಿಯ ಮಾತನ್ನೇ ನನ್ನ ಹರಕುಮುರುಕು ಚಿಚೇವಾ ಭಾಷೆಗೆ ತಿರುಗಿಸಿ, ದಿನಾ ಸಂಜೆ ‘ಹೋಗುತ್ತೇನೆ, ಮತ್ತೆ ಬರುತ್ತೇನೆ’ ಎಂದು ಹೇಳಿ ಹೊರಡುತ್ತಿದ್ದೆ. ಮರುಬೆಳಿಗ್ಗೆ ಬರುತ್ತಲೂ ಇದ್ದೆನಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಆಮೇಲೆ ವಿಮಾನಗಳು ನಿಲ್ಲುತ್ತವೆಂಬ ಸುದ್ದಿ ಹಬ್ಬಿ, ಇದ್ದಬದ್ದವರೆಲ್ಲ ಕೂಡಲೇ ವಾಪಸು ಬನ್ನಿರೆಂದು ಚರ್ಚಿನಿಂದ ಕರೆ ಬಂತು. ಓಡಿಹೋಗಿ ಅಗೋಗೋಳ ಕಾಲಿಗೆ ಕಡೆಯ ಸಲ ಬಟ್ಟೆ ಕಟ್ಟಿದೆ. ಎದ್ದು ನಿಂತಾಗ ಬಾಯಿಗೆ ಬಂದದ್ದು ಅದೇ ಮಾತು. ಅವಳು ತಲೆಯಾಡಿಸಿ ಗ್ರೇಸ್ ಕಡೆ ತಿರುಗಿ, “ಬರ್ತಾಳಂತೆ, ಕಾಯ್ತೀನಿ” ಎಂದಳು.

ಇಲ್ಲಿ ಬಂದರೆ ವಾರ್ಡುಗಳು ತುಂಬಿದ್ದವು. ಡ್ಯೂಟಿ ಬಿಟ್ಟರೆ ಮನೆಯ ಸುತ್ತಲ ಕೆಲವೇ ಕಿಲೋಮೀಟರು ನಮ್ಮ ಲೋಕ. ಭಾನುವಾರ ಅಡುಗೆಮನೆಯ ಲ್ಯಾಪ್‌ಟಾಪಿನಲ್ಲಿ ಆರಾಧನೆ ಮುಗಿಸಿ ಗ್ರೇಸ್‌ಗೆ ವೀಡಿಯೊ ಕರೆ ಮಾಡುತ್ತಿದ್ದೆ. ಅಗೋಗೋ ಪರದೆಗೆ ಮೂಗು ತಾಗಿಸಿ, ಯಾವಾಗ ಬರ್ತೀಯ ಎಂದು ಕೇಳುವಳು. ಬೇಗ ಬರ್ತೀನಿ ಎನ್ನುವೆ. ಹೀಗೆ ಎಷ್ಟು ಭಾನುವಾರಗಳೋ! ಒಮ್ಮೆ ಗ್ರೇಸ್ ಫೋನನ್ನು ದೂರ ಒಯ್ದು, “ಸಿಸ್ಟರ್, ಬರಲ್ಲ ಅಂತ ಒಂದ್ಸಲ ಹೇಳಿಬಿಡಿ. ನೀವು ಬರ್ತೀರಿ ಅಂತ ನನಗೆ ಕಾಲು ಮುಟ್ಟೋಕೂ ಬಿಡ್ತಿಲ್ಲ. ವಾಸನೆ ಶುರುವಾಗಿದೆ” ಎಂದಳು.

ಫೋನಿಟ್ಟಾಗ ಎದುರಿಗೆ ಕೂತು ಸೀರಿಯಲ್ ತಿನ್ನುತ್ತಿದ್ದ ಮಗಳು, “ಜಸ್ಟ್ ಟೆಲ್ ಹರ್, ಅಮ್ಮ. ಶೀ'ಲ್ ಬಿ ಗ್ರ್ಯಾಂಡ್” ಎಂದು, ಅವಳಿಗೇನೂ ಆಗಲ್ಲ ಬಿಡು ಎಂಬಂತೆ, ತನ್ನ ಐರಿಷ್ ರಾಗದಲ್ಲಿ ಎಳೆದಳು.

“ಬರಲ್ಲ ಅಂತೆಲ್ಲ ಬಾಯಲ್ಲಿ ಆಡಬಾರ್ದು ಕಣೇ.”

“ಬಟ್ ಯೂ ಆರ್ನ್ಟ್ ಗೋಯಿಂಗ್.”

ತಿಂದಾದ ಮೇಲೆ ಬಟ್ಟಲು ತೊಳೆದಿಡು ಎಂದು ಅವಳ ಮೇಲೆ ರೇಗಿದೆ. ನೋಡಿ, ಅದೇ ವಾರ ವಾರ್ಡಿನಲ್ಲಿ ಮಾಸ್ಕಿನೊಳಗಿಂದ ಎಷ್ಟೋ ಮನೆಯವರಿಗೆ ಫೋನಿನಲ್ಲೇ ಅತಿ ಕಠಿಣ ಸುದ್ದಿಗಳನ್ನು ಹೇಳಿದ್ದೆ. ಸುತ್ತಿಬಳಸಬಾರದು, ಹುಸಿ ಭರವಸೆ ಕೊಡಬಾರದು ಎಂದು ಹೊಸ ನರ್ಸುಗಳಿಗೆ ಪಾಠ ಬೇರೆ ಮಾಡಿದ್ದೆ. ಒಬ್ಬ ಮುದುಕಿಗೆ ‘ಬರಲ್ಲ’ ಎನ್ನಲು ಮಾತ್ರ ನಾಲಗೆ ಏಳಲಿಲ್ಲ. ಅವಳಿಗೆ ನೋವಾದೀತು ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ‘ಹೋಗಿಬರ್ತೀನಿ’ ಎಂಬ ನಮ್ಮ ಸವಿಮಾತು ಹೊರಡುವವರ ಅಳುಕಿಗೆ ಹುಟ್ಟಿದ ಮದ್ದು. ಇಬ್ಬರಿಗೂ ಅದು ಬರಿಯ ಮಾತೆಂದು ಗೊತ್ತಿರುವ ಮನೆಯಲ್ಲಿ ಅದು ಪ್ರೀತಿ. ಅದನ್ನು ನಂಬಿಬಿಡುವವರ ಅಂಗಳದಲ್ಲಿ ಅದು ಸುಳ್ಳು, ಮತ್ತು ಆ ಸುಳ್ಳನ್ನು ನಾನು ವಾರಕ್ಕೊಮ್ಮೆ ಹೊಸದಾಗಿ ಹೇಳುತ್ತಿದ್ದೆ. ಅವಳು ಕಾಯುವುದು ನನಗೆ ಬೇಕಾಗಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು.

ಇಲ್ಲಿ ಬೇಸಿಗೆ ಬಂದು ಅಂಗಡಿಗಳು ಒಂದೊಂದಾಗಿ ತೆರೆಯುತ್ತಿದ್ದಾಗ ಗ್ರೇಸ್‌ಳ ಸಂದೇಶ ಬಂತು. ಜಿಲ್ಲಾ ಆಸ್ಪತ್ರೆಯಲ್ಲಿ ಅಗೋಗೋಳ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಅವಳು ಮನೆಗೆ ಮರಳಿದ ಭಾನುವಾರ ಕರೆ ಮಾಡಿದೆ. ಎಷ್ಟೋ ಸಲ ಒಬ್ಬಳೇ ಅಭ್ಯಾಸ ಮಾಡಿಕೊಂಡಿದ್ದ ಮಾತನ್ನು, ತಪ್ಪಾಗಬಾರದೆಂದು ಇಂಗ್ಲಿಷಿನಲ್ಲೇ ಗ್ರೇಸ್‌ಗೆ ಹೇಳಿ ಮುಟ್ಟಿಸಿದೆ: ನಾನು ಬರುವುದಿಲ್ಲ, ಬರಲು ಆಗುವುದಿಲ್ಲ, ಇಷ್ಟು ದಿನ ಹೇಳಿದ್ದು ಸುಳ್ಳು, ನನ್ನನ್ನು ಕ್ಷಮಿಸು.

ಅಗೋಗೋ ಅಳಲಿಲ್ಲ, ಬೈಯಲೂ ಇಲ್ಲ. ಎಂದಿನಂತೆ ಪರದೆಗೆ ಮೂಗು ತಾಗಿಸಿ ಏನೋ ಹೇಳಿದಳು. ಗ್ರೇಸ್ ತಡೆದು ತಡೆದು, ಒಂದಕ್ಷರವೂ ಬಿಡದಂತೆ ನನಗೆ ತಿಳಿಸಿದಳು.

“ಇಷ್ಟೇನಾ? ಮೊದಲೇ ಹೇಳಿದ್ರೆ ಕಾಲನ್ನ ಗ್ರೇಸ್ ಕೈಗೆ ಕೊಡ್ತಿದ್ನಲ್ಲ, ಮಗಳೇ.”